ಕೊನೆಯ ತೆರೆದ ಕಾರು ಮತ್ತು ಕೃಪಾಂಕ



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನ್ನನ್ನು ಕಾರಿನ ಬೆಲೆ ಎಷ್ಟೆಂದು ಕೇಳಿದವರು ಯಾರೂ ಇರಲಿಲ್ಲ. ಸೈಕಲ್ಲಿನ ಹೊರತು ಬೇರೊಂದು ವಾಹನವನ್ನು ನಾನು ನಡೆಸಿದ್ದನ್ನು ನಿಮ್ಮಲ್ಲಿ ಯಾರೂ ಕಂಡಿರಲಾರಿರಿ. ಆದರೆ ಮಿಶಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ನಾನೂ ನನ್ನ ಮನೆಯವರೂ ಹೋಗಿದ್ದಾಗ ಅಂಥದೊಂದು ಪ್ರಸಂಗ ಒದಗಿ ಬಂತು. ಅದನ್ನು ಬರೆಯುತ್ತೇನೆಂದು ಅಲ್ಲಿಯೇ ಮಾತು ಕೊಟ್ಟಿದ್ದೆ. ಈಗ ನೆರವೇರಿಸುತ್ತಿದ್ದೇನೆ.

ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆಲೆಸಿದ್ದಾನೆ. ಹೆಸರು ಬೇಡ, ಅವನ ತರಗತಿಯವರು ಊಹಿಸಿಕೊಳ್ಳಬಲ್ಲರು. ನಾವು ಬಂದ ಸುದ್ದಿ ತಿಳಿದು ಒಂದು ಭಾನುವಾರ ಕರೆದೊಯ್ಯಲು ಬಂದ. ಊಟವಾದ ಮೇಲೆ, "ಸಾರ್, ಪಕ್ಕದ ಮನೆಯವರ ಹತ್ತಿರ ನೀವು ನೋಡಲೇಬೇಕಾದ ಒಂದು ವಸ್ತು ಇದೆ. ನೋಡಿದ ಮೇಲೆ ನಿಮ್ಮ ಸಲಹೆಯೂ ಬೇಕು" ಎಂದ.

ಪಕ್ಕದ ಮನೆಯ ಹಿರಿಯರಿಗೆ ಎಂಬತ್ತನಾಲ್ಕು ವರ್ಷ. ಯಂತ್ರದ ಬಿಡಿಭಾಗಗಳ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಗ್ಯಾರೇಜಿನ ಬಾಗಿಲೆತ್ತಿ, ಮಂಚದ ಮೇಲಿನ ಹಚ್ಚಡ ತೆಗೆಯುವ ಹಾಗೆ ಮೆಲ್ಲಗೆ ಹೊದಿಕೆ ಸರಿಸಿದರು. ಒಳಗಿದ್ದದ್ದು 1976ನೆಯ ಇಸವಿಯ ಕ್ಯಾಡಿಲಾಕ್ ಎಲ್‌ಡೊರಾಡೊ, ಚಾವಣಿ ಮಡಚಿ ತೆರೆದ ಗಾಡಿಯನ್ನಾಗಿ ಮಾಡಿಕೊಳ್ಳಬಹುದಾದ ಕನ್ವರ್ಟಿಬಲ್ ಕಾರು. ಐದೂವರೆ ಮೀಟರಿಗೂ ಮೀರಿದ ಉದ್ದ, 8.2 ಲೀಟರಿನ ದೈತ್ಯ ಎಂಜಿನ್ನು. ಓಡಿದ್ದು ಮಾತ್ರ ಐವತ್ತು ವರ್ಷಗಳಲ್ಲಿ 2,900 ಮೈಲಿ.

ಹಿರಿಯರು ಮನೆ ಮಾರಿ, ವೃದ್ಧರಿಗೆ ಆರೈಕೆ ನೀಡುವ ವಸತಿಗೃಹಕ್ಕೆ ಸೇರುವವರಿದ್ದರು. ಅಲ್ಲಿನ ಖರ್ಚಿನ ಲೆಕ್ಕದಲ್ಲಿ ಕಾರಿನ ಬಾಬ್ತು 80 ಸಾವಿರ ಡಾಲರ್ ಎಂದು ಬರೆದುಕೊಂಡಿದ್ದರು. ಸರಿಯಾದ ಬೆಲೆ ವಿಚಾರಿಸಿ ಹೇಳುವ ಹೊಣೆಯನ್ನು ನಮ್ಮ ಹುಡುಗನಿಗೆ ವಹಿಸಿದ್ದರು. ಇವನು ವಿಚಾರಿಸಿದ್ದ, ಆ ಮೊತ್ತದ ಅರ್ಧವೂ ಬರಲಾರದೆಂದು ಅರಿತಿದ್ದ. "ಸಾರ್, ಸತ್ಯ ಹೇಳಿದರೆ ಅವರ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಅವರ ಲೆಕ್ಕ ಮುರಿಯುತ್ತದೆ. ನಾನೇ 50 ಸಾವಿರ ಕೊಟ್ಟು ತೆಗೆದುಕೊಂಡುಬಿಡಲೇ ಅನ್ನಿಸುತ್ತಿದೆ" ಎಂದ. ಆ ಹಣ ಮಗಳ ಓದಿಗೆಂದು ಕೂಡಿಟ್ಟದ್ದು.

ನಾನು ಒಂದು ವಾರ ಸಮಯ ಕೇಳಿದೆ. ಪುಸ್ತಕ ಭಂಡಾರದಲ್ಲಿಯೂ ಅಂತರಜಾಲದಲ್ಲಿಯೂ ಓದಿದೆ. ಓದಿದಷ್ಟೂ ಇದು ಕಾರಿನ ಪ್ರಶ್ನೆಗಿಂತ ಹೆಚ್ಚಾಗಿ ಇತಿಹಾಸದ ಪ್ರಶ್ನೆಯೆಂದು ತೋರಿತು.

ಅಮೆರಿಕದಲ್ಲಿ ತೆರೆದ ಕಾರುಗಳ ಸುಗ್ಗಿಯ ಕಾಲ 1960ರ ದಶಕದ ನಡುಭಾಗ. 1965ರಲ್ಲಿ ಸುಮಾರು ಐದು ಲಕ್ಷ ಕನ್ವರ್ಟಿಬಲ್ ಕಾರುಗಳು ಅಲ್ಲಿ ಮಾರಾಟವಾದವು. ಅಲ್ಲಿಂದ ಇಳಿತ ಆರಂಭವಾಯಿತು. ಕಾರಿನೊಳಗೆ ಹವಾನಿಯಂತ್ರಣ ಸಾಮಾನ್ಯವಾಯಿತು. ತಂಪು ಗಾಳಿಗಾಗಿ ಚಾವಣಿ ತೆರೆಯುವ ಅಗತ್ಯ ಉಳಿಯಲಿಲ್ಲ. ಹೆದ್ದಾರಿಗಳ ವೇಗದಲ್ಲಿ ತೆರೆದ ಕಾರಿನ ಗಾಳಿ ಸುಖಕ್ಕಿಂತ ಹಿಂಸೆಯೇ ಆಯಿತು. ಬಟ್ಟೆಯ ಚಾವಣಿಯನ್ನು ಕಳ್ಳರು ಚಾಕುವಿನಿಂದ ಸೀಳುತ್ತಿದ್ದರು. ಇವೆಲ್ಲಕ್ಕಿಂತ ಮಿಗಿಲಾಗಿ ಸುರಕ್ಷತೆಯ ಪ್ರಶ್ನೆ ಎದ್ದಿತು. 1965ರಲ್ಲಿ ರಾಲ್ಫ್ ನೇಡರ್ ಅವರು ಕಾರುಗಳ ಅಪಾಯವನ್ನು ಕುರಿತು ಬರೆದ ಪುಸ್ತಕ ದೇಶದಲ್ಲಿ ಕೋಲಾಹಲವೆಬ್ಬಿಸಿತು. 1966ರಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. ಕಾರು ಮಗುಚಿದಾಗ ತಲೆ ಕಾಯಬಲ್ಲ ಗಟ್ಟಿ ಚಾವಣಿಯನ್ನು ಸರ್ಕಾರ ಕಡ್ಡಾಯ ಮಾಡಲಿದೆ, ಆಗ ಮಡಚುವ ಚಾವಣಿಯ ಕಾರುಗಳಿಗೆ ಉಳಿಗಾಲವಿಲ್ಲ ಎಂಬ ಮಾತು ಹಬ್ಬಿತು. ಕಂಪನಿಗಳು ಒಂದೊಂದಾಗಿ ಕನ್ವರ್ಟಿಬಲ್ ತಯಾರಿಕೆಯನ್ನು ಕೈಬಿಟ್ಟವು. 1976ರ ಹೊತ್ತಿಗೆ ಅಮೆರಿಕದ ಕಂಪನಿಗಳ ಪೈಕಿ ಉಳಿದದ್ದು ಕ್ಯಾಡಿಲಾಕ್ ಎಲ್‌ಡೊರಾಡೊ ಒಂದೇ.

ಕ್ಯಾಡಿಲಾಕ್ ಕಂಪನಿ ಇದನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದು ಸಾರಿತು. ಆ ವರ್ಷ 14,000 ಕಾರುಗಳು ತಯಾರಾದವು. ಕೊನೆಯ ಇನ್ನೂರನ್ನು ಅಮೆರಿಕದ ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ನೆನಪಿಗೆ ಒಂದೇ ತೆರನಾಗಿ ರೂಪಿಸಿದರು: ಬಿಳಿಯ ಮೈ, ಬಿಳಿಯ ಚಾವಣಿ, ಬಿಳಿಯ ಚರ್ಮದ ಆಸನ, ಕೆಂಪು ಮತ್ತು ನೀಲಿಯ ತೆಳುಗೆರೆ. 1976ರ ಏಪ್ರಿಲ್ 21ರಂದು ಡೆಟ್ರಾಯಿಟ್‌ನ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದಾಗ ನಗರದ ಮೇಯರ್ ಕೋಲ್ಮನ್ ಯಂಗ್ ಅವರೂ ಪತ್ರಕರ್ತರೂ ನೆರೆದಿದ್ದರು. ಆ ಕಟ್ಟಕಡೆಯ ಕಾರನ್ನು ಕಂಪನಿಯೇ ಉಳಿಸಿಕೊಂಡಿತು. ನಮೂದಿತ ಬೆಲೆ 11,049 ಡಾಲರ್ ಇದ್ದರೂ, ಮುಂದೆ ಬಂಗಾರವಾಗುವುದೆಂದು ನಂಬಿ ಅದರ ಸುಮಾರು ಎರಡರಷ್ಟು ಕೊಟ್ಟವರೂ ಇದ್ದರು. ಕೊಂಡ ಅನೇಕರು ಕಾರನ್ನು ರಸ್ತೆಗಿಳಿಸದೆ ನೇರವಾಗಿ ಗ್ಯಾರೇಜಿನೊಳಗೆ ಇಟ್ಟರು.

ಆದರೆ ಎಲ್ಲರೂ ಹೆದರಿದ್ದ ಆ ನಿಷೇಧ ಬರಲೇ ಇಲ್ಲ. ಸುರಕ್ಷತೆಯ ಹೆಸರಿನಲ್ಲಿ ಕನ್ವರ್ಟಿಬಲ್ಲನ್ನೇ ಇಲ್ಲವಾಗಿಸುವಂತಿಲ್ಲ ಎಂಬ ಅಭಿಪ್ರಾಯವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 1972ರಲ್ಲಿಯೇ ವ್ಯಕ್ತಪಡಿಸಿತ್ತು. ಬ್ರಿಟನ್ನಿನ ಎಂಜಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಮೊದಲಾದ ತೆರೆದ ಕಾರುಗಳು ಆ ದೇಶದಲ್ಲಿ ಮಾರಾಟವಾಗುತ್ತಲೇ ಇದ್ದವು. 1982ರಲ್ಲಿ ಲೀ ಅಯಕೋಕ ಅವರ ನೇತೃತ್ವದ ಕ್ರೈಸ್ಲರ್ ಕಂಪನಿ ಅಮೆರಿಕದಲ್ಲಿ ಕನ್ವರ್ಟಿಬಲ್ಲನ್ನು ಮತ್ತೆ ತಂದಿತು. 1983ರಲ್ಲಿ ಫೋರ್ಡ್ ಮಸ್ಟಾಂಗ್ ಬಂತು. 1984ರಲ್ಲಿ ಸ್ವತಃ ಕ್ಯಾಡಿಲಾಕ್ ಕಂಪನಿಯೇ ಎಲ್‌ಡೊರಾಡೊ ಕನ್ವರ್ಟಿಬಲ್ಲನ್ನು 31 ಸಾವಿರ ಡಾಲರಿಗೂ ಮೀರಿದ ಬೆಲೆಗೆ ಮರಳಿ ಮಾರುಕಟ್ಟೆಗೆ ಬಿಟ್ಟಿತು. 1976ರ ಕಾರು ಕೊಂಡ ಕೆಲವರು ರೊಚ್ಚಿಗೆದ್ದು ನ್ಯಾಯಾಲಯದ ಮೆಟ್ಟಿಲೇರಿದರು, ಗೆಲ್ಲಲಿಲ್ಲ.

ಇಂದು ಅದರ ಬೆಲೆ ಎಷ್ಟು? ಚೆನ್ನಾಗಿ ಓಡುವ ಸಾಧಾರಣ 1976ರ ಎಲ್‌ಡೊರಾಡೊ ಕನ್ವರ್ಟಿಬಲ್ 20ರಿಂದ 30 ಸಾವಿರ ಡಾಲರಿನ ಆಸುಪಾಸಿನಲ್ಲಿ ಮಾರಾಟವಾಗುತ್ತದೆ. ಕಡಿಮೆ ಓಡಿದ್ದಕ್ಕೆ, ಕೊನೆಯ ಇನ್ನೂರಕ್ಕೆ ಇನ್ನಷ್ಟು ಸಿಗಬಹುದು. ಹನ್ನೊಂದು ಸಾವಿರದ್ದು ಮೂವತ್ತಾಯಿತಲ್ಲ, ಲಾಭವೇ ಎಂದು ನೀವೆನ್ನಬಹುದು. ಆದರೆ ಅಮೆರಿಕದಲ್ಲಿ 1976ರಿಂದ ಈಚೆಗೆ ಸಾಮಾನ್ಯ ಬೆಲೆಗಳು ಐದೂವರೆ ಪಟ್ಟು ಏರಿವೆ. ಅಂದಿನ 11,049 ಡಾಲರಿಗೆ ಸಮನಾಗಬೇಕಾದರೆ ಇಂದು 60 ಸಾವಿರ ಬರಬೇಕು. ಮೂವತ್ತು ಬಂದರೆ ಹಾಕಿದ ಹಣದ ಅರ್ಧದಷ್ಟು ಕರಗಿತೆಂದೇ ಅರ್ಥ. ಐವತ್ತು ವರ್ಷದ ವಿಮೆ, ಜಾಗ, ಬ್ಯಾಟರಿ, ಹೊದಿಕೆಯ ಖರ್ಚು ಬೇರೆ.

ಕಾರಣ ಸರಳ. ಎಲ್ಲರಿಗೂ ಅಮೂಲ್ಯವೆಂದು ಗೊತ್ತಿದ್ದ ವಸ್ತುವನ್ನು ಎಲ್ಲರೂ ಜೋಪಾನ ಮಾಡಿದರು. ಬಹಳಷ್ಟು ಕಾರುಗಳು ಉಳಿದುಕೊಂಡವು, ಅವುಗಳಲ್ಲಿ ಅನೇಕವು ಸುಸ್ಥಿತಿಯಲ್ಲಿಯೇ. ಅಪರೂಪವಾಗಬೇಕಾದುದು ಅಪರೂಪವಾಗಲೇ ಇಲ್ಲ.

ಇದಕ್ಕೆ ಎದುರಾದ ಉದಾಹರಣೆಯೊಂದಿದೆ. 1971ರಲ್ಲಿ ಪ್ಲಿಮತ್ ಕಂಪನಿ ತನ್ನ ಬ್ಯಾರಕೂಡ ಮಾದರಿಯಲ್ಲಿ ‘ಹೆಮಿ’ ಎಂಬ ಏಳು ಲೀಟರಿನ ಎಂಜಿನ್ ಕೂರಿಸಿದ ಕನ್ವರ್ಟಿಬಲ್ಲನ್ನು ಮಾರಿತು. ಆ ಎಂಜಿನ್ನಿಗೆ ಹೆಚ್ಚುವರಿ ಬೆಲೆ. ಅದನ್ನು ಬಯಸುವ ಯುವಕರಿಗೆ ವಿಮೆಯ ಕಂತು ವಿಪರೀತ. ಕೊಳ್ಳುವವರೇ ಇರಲಿಲ್ಲ. ಆ ವರ್ಷ ತಯಾರಾದವು ಕೇವಲ 11. ಅದನ್ನು ಯಾರೂ ‘ಕೊನೆಯದು’ ಎಂದು ಸಾರಲಿಲ್ಲ; ಯಾವ ಮೇಯರೂ ಬರಲಿಲ್ಲ. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಆ ಹನ್ನೊಂದರಲ್ಲೊಂದು 35 ಲಕ್ಷ ಡಾಲರಿಗೆ ಹೋಯಿತು. ಬೇಡವಾಗಿದ್ದುದೇ ಅದರ ಅಪರೂಪಕ್ಕೆ ಕಾರಣವಾಯಿತು. ಇತಿಹಾಸದ ಆಕರಗಳಲ್ಲಿಯೂ ಹೀಗೆಯೇ. 1947ರ ಆಗಸ್ಟ್ 15ರ ಪತ್ರಿಕೆಯನ್ನು ಅಟ್ಟದ ಮೇಲೆ ಜೋಪಾನವಾಗಿಟ್ಟ ಮನೆಗಳುಂಟು. ಅದೇ ವರ್ಷದ ಯಾವುದೋ ಒಂದು ಸಾಧಾರಣ ಮಂಗಳವಾರದ ಪತ್ರಿಕೆಯನ್ನು ಇಟ್ಟವರು ಯಾರು? ಅದರಲ್ಲಿ ಮಾರನೆಯ ದಿನವೇ ಬೆಲ್ಲ ಕಟ್ಟಿದರು.

ಸಂಖ್ಯೆಯ ನಂತರ ನೋಡಬೇಕಾದದ್ದು ಸ್ಥಿತಿ. ಅಮೆರಿಕದಲ್ಲಿ ಹಳೆಯ ಕಾರಿಗೆ ಅಂಕ ಕೊಡುವ ಪದ್ಧತಿಯಿದೆ. ಆದರೆ ನಮ್ಮ ಅಂಕಪಟ್ಟಿಗೆ ತಿರುಗುಮುರುಗು. ಒಂದು ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲಬಲ್ಲದ್ದು, ಎರಡು ಅತ್ಯುತ್ತಮ, ಮೂರು ಸಣ್ಣಪುಟ್ಟ ಕುಂದುಗಳೊಂದಿಗೆ ಚೆನ್ನಾಗಿ ಓಡುವುದು, ನಾಲ್ಕು ಕಣ್ಣಿಗೆ ಕಾಣುವ ದೋಷಗಳುಳ್ಳದ್ದು. ಒಡೆಯರ ಕಣ್ಣಿಗೆ ತಮ್ಮ ಕಾರು ಸದಾ ಒಂದೋ ಎರಡೋ. ಪರೀಕ್ಷಕರ ಕಣ್ಣಿಗೆ ಹೆಚ್ಚಿನವು ಮೂರು. ಪೋಷಕರ ಸಭೆ ನಡೆಸಿದವರಿಗೆ ಇದು ಹೊಸ ಅನುಭವವೇನಲ್ಲ!

ಓಡದ ಕಾರು ಹಾಳಾಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟಾಗುತ್ತದೆ. ಟೈರಿನ ರಬ್ಬರು ಬಿರುಕು ಬಿಡುತ್ತದೆ. ಬ್ರೇಕಿನ ಭಾಗಗಳು ತುಕ್ಕು ಹಿಡಿದು ಬಿಗಿದುಕೊಳ್ಳುತ್ತವೆ. ಎಲ್‌ಡೊರಾಡೊಗೆ ತನ್ನದೇ ಆದ ಕಾಯಿಲೆಗಳಿವೆ. ಅದರ ಚಾವಣಿ ಕತ್ತರಿಯಂತೆ ಒಳಮುಖವಾಗಿ ಮಡಚಿಕೊಳ್ಳುತ್ತದೆ. ಅದನ್ನು ಎಳೆಯುವ ಹಲ್ಲುಚಕ್ರ ಸವೆದರೆ ಚಾವಣಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಬಂಪರು ಸಣ್ಣ ಡಿಕ್ಕಿಗೆ ಹಿಂದೆ ಸರಿಯಲೆಂದು ಅದಕ್ಕೂ ಮೈಗೂ ನಡುವೆ ಬಾಗುವ ಪ್ಲಾಸ್ಟಿಕ್ ತುಂಡುಗಳನ್ನು ಕೂರಿಸಿದ್ದರು. ವಯಸ್ಸಾದಂತೆ ಅವು ಹಪ್ಪಳದಂತೆ ಪುಡಿಯಾಗುತ್ತವೆ. ಕೊಳ್ಳುವವನು ಈ ಎಲ್ಲದರ ಖರ್ಚನ್ನೂ ಬೆಲೆಯಿಂದ ಕಳೆಯುತ್ತಾನೆ.

ಮೂರನೆಯದು ಮೂಲರೂಪ ಮತ್ತು ದಾಖಲೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಶೈಕ್ಷಣಿಕ ಪ್ರವಾಸದಲ್ಲಿ ಒಂದು ಗುಡಿಯ ಶಾಸನಕ್ಕೆ ಭಕ್ತರು ದಪ್ಪಗೆ ಸುಣ್ಣ ಬಳಿದಿದ್ದುದನ್ನು ಕಂಡು ನಾನು ಸಂಕಟಪಟ್ಟಿದ್ದೆ. ಕಾರಿನ ಮಾತೂ ಅದೇ. ಕಾರ್ಖಾನೆಯಲ್ಲಿ ಬಳಿದ ಬಣ್ಣವನ್ನು ಒಮ್ಮೆ ಕೆರೆದರೆ ಮರಳಿ ಬಾರದು. 2014ರಲ್ಲಿ ಪಶ್ಚಿಮ ಫ್ರಾನ್ಸಿನ ಕೃಷಿಕ್ಷೇತ್ರವೊಂದರಲ್ಲಿ ಬೈಯೋ ಮನೆತನದ ಹಳೆಯ ಕಾರುಗಳ ಸಂಗ್ರಹ ಪತ್ತೆಯಾಯಿತು. ಅದರಲ್ಲಿ, ನಟ ಅಲೆನ್ ಡೆಲಾನ್ ಅವರ ಬಳಿ ಹಿಂದೊಮ್ಮೆ ಇದ್ದ 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಎಂಬ ತೆರೆದ ಕಾರು ಪತ್ರಿಕೆಗಳ ರಾಶಿಯಡಿ ಧೂಳು ಹಿಡಿದು ನಿಂತಿತ್ತು. ಆ ಧೂಳನ್ನೂ ಒರೆಸದೆ 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಿಗಿಟ್ಟರು. ಬಂದ ಬೆಲೆ 1 ಕೋಟಿ 60 ಲಕ್ಷ ಯೂರೋಗೂ ಹೆಚ್ಚು. ಅಪರೂಪ, ಮೂಲರೂಪ, ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಖಚಿತ ಚರಿತ್ರೆ, ಮೂರೂ ಅಲ್ಲಿ ಒಂದಾಗಿದ್ದವು. ನಮ್ಮ ಹಿರಿಯರಲ್ಲಿ 1976ರ ರಸೀದಿ, ಕೈಪಿಡಿ, ಕಾರಿನ ಕಿಟಕಿಗೆ ಅಂಟಿಸಿದ್ದ ಬೆಲೆಚೀಟಿ ಎಲ್ಲವೂ ಇದ್ದವು. ಅದು ಅವರ ಕಾರಿನ ನಿಜವಾದ ಬಲ.

ನಾಲ್ಕನೆಯದು ತಲೆಮಾರು. ಮನುಷ್ಯ ತನ್ನ ಹದಿಹರೆಯದಲ್ಲಿ ಆಸೆಪಟ್ಟು ಕೊಳ್ಳಲಾರದೆ ಹೋದ ವಸ್ತುವನ್ನು ಕೈಯಲ್ಲಿ ಹಣ ಬಂದಾಗ ಕೊಳ್ಳುತ್ತಾನೆ. 1976ರಲ್ಲಿ ಹದಿಹರೆಯದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಅವರಿಗಿಂತ ಹಿರಿಯರಾದ ಒಡೆಯರು ಮಾರುವ ವಯಸ್ಸಿಗೆ ಬಂದಿದ್ದಾರೆ. ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ ಆಗುವ ಸಂಧಿಕಾಲವಿದು. ಮಾರುವವನು ಕೇಳುವ ಬೆಲೆಗೂ ಕೈಗೆ ಬರುವ ಬೆಲೆಗೂ ಅಜಗಜಾಂತರ. ಆದ್ದರಿಂದ ಜಾಹೀರಾತು ನೋಡದೆ, ಮಾರಾಟ ಮುಗಿದ ಹರಾಜುಗಳ ಫಲಿತಾಂಶವನ್ನೇ ನೋಡಬೇಕು.

ಇದಿಷ್ಟನ್ನೂ ನಮ್ಮ ಹುಡುಗನಿಗೆ ಹೇಳಿದೆ. "ಅದೆಲ್ಲ ಸರಿ ಸಾರ್. ಆದರೂ ನಾನು 50 ಕೊಟ್ಟರೆ ತಪ್ಪೇನು?" ಎಂದ.

ಆಗ ನಾನು, ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಅವನಿಗೆ ಹೇಳಬೇಕಾಯಿತು. ಬಹಳ ವರ್ಷಗಳ ಹಿಂದೆ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಬ್ಬ ಬಡ ಹುಡುಗ ಏಳು ಅಂಕಗಳಿಂದ ನಪಾಸಾಗುತ್ತಿದ್ದ. ತಂದೆಯಿಲ್ಲದ ಹುಡುಗನೆಂದು ಮರುಗಿ ಆ ಏಳನ್ನೂ ಕೃಪಾಂಕವಾಗಿ ಕೊಟ್ಟು ಪಾಸು ಮಾಡಿದೆ. ಅವನು ಇತಿಹಾಸದಲ್ಲಿ ಗಟ್ಟಿಯೆಂದು ನಂಬಿ ಬೇರೆ ವಿಷಯಗಳನ್ನೇ ಓದಿದ. ಮಾರ್ಚಿಯ ಪರೀಕ್ಷೆಯಲ್ಲಿ ನನ್ನ ವಿಷಯದಲ್ಲಿಯೇ ಅನುತ್ತೀರ್ಣನಾದ. "ಸಾರ್, ನೀವೇ ಪಾಸು ಮಾಡಿದ್ದಿರಲ್ಲ" ಎಂದು ಬಂದು ನಿಂತಾಗ ನನ್ನಲ್ಲಿ ಉತ್ತರವಿರಲಿಲ್ಲ. ಕರುಣೆಯೆಂದು ಕೊಟ್ಟ ಏಳು ಅಂಕ ಅವನ ಒಂದು ವರ್ಷವನ್ನು ನುಂಗಿತ್ತು.

"ನಿನಗೆ ಅವರಿಗೆ ಹಣ ಕೊಡಬೇಕೆನಿಸಿದರೆ ಹಣವೆಂದೇ ಕೊಡಪ್ಪ. ಬೆಲೆಯೆಂದು ಕೊಡಬೇಡ" ಎಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ಯಾರ ಕಡೆಗೂ ಸೇರದ ಒಬ್ಬ ಮೌಲ್ಯಮಾಪಕರನ್ನು ಕರೆಸಿ ಬರವಣಿಗೆಯಲ್ಲಿ ವರದಿ ಪಡೆದ. ಹಿಂಬದಿಯ ಪ್ಲಾಸ್ಟಿಕ್ ಪುಡಿಯಾಗಿತ್ತು, ಟ್ಯಾಂಕು ಕೆಟ್ಟಿತ್ತು, ಟೈರುಗಳು ನಿರುಪಯುಕ್ತ. ಬಣ್ಣ, ಆಸನ, ದಾಖಲೆಗಳು ಅತ್ಯುತ್ತಮ. ಇದ್ದ ಸ್ಥಿತಿಯಲ್ಲಿ ಬೆಲೆ 32 ಸಾವಿರ ಡಾಲರ್. ವರದಿಯನ್ನು ಹಿರಿಯರ ಮುಂದಿಟ್ಟಾಗ ನಾನೂ ಅಲ್ಲಿದ್ದೆ. ಅವರು ಎರಡು ಬಾರಿ ಓದಿದರು. ಸಿಟ್ಟಾಗಲಿಲ್ಲ. ಯಾರನ್ನೂ ದೂರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಹೇಳಿದ್ದನ್ನು ನಮ್ಮ ಹುಡುಗ ನನಗೆ ಕನ್ನಡದಲ್ಲಿ ತಿಳಿಸಿದ.

ಮಿಶಿಗನ್ನಿನ ಉತ್ತರದಲ್ಲಿ, ಎರಡು ಮಹಾ ಸರೋವರಗಳು ಕೂಡುವಲ್ಲಿ ಮ್ಯಾಕಿನಾ ಸೇತುವೆಯಿದೆ. ಸುಮಾರು ಐದು ಮೈಲಿ ಉದ್ದ. ಚಾವಣಿ ತೆರೆದು ಆ ಸೇತುವೆಯ ಮೇಲೆ ಹೋಗಬೇಕೆಂಬುದು ಅವರ ಹೆಂಡತಿಯ ಆಸೆಯಾಗಿತ್ತಂತೆ. ಪ್ರತಿ ಬೇಸಿಗೆಯಲ್ಲಿಯೂ ಕೇಳುತ್ತಿದ್ದರಂತೆ. "ಹೋಗಿಬಂದರೆ ಆರುನೂರು ಮೈಲಿ ಏರುತ್ತದೆ, ಬೆಲೆ ಇಳಿಯುತ್ತದೆ, ಇನ್ನೊಂದು ವರ್ಷ ನೋಡೋಣ ಎನ್ನುತ್ತಿದ್ದೆ. ನಲವತ್ತೇಳು ಬೇಸಿಗೆ ಹಾಗೆಯೇ ಹೇಳಿದೆ" ಎಂದರು.

ಅಲ್ಲಿದ್ದ ಮೂವರಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಲೆಕ್ಕ ಮೊದಲೇ ತಿಳಿದುದರಿಂದ ಅವರು ವಸತಿಗೃಹದಲ್ಲಿ ದೊಡ್ಡ ಕೋಣೆಯ ಬದಲು ಚಿಕ್ಕದನ್ನು ಆರಿಸಿಕೊಂಡರು. ಎಂಬತ್ತು ಸಾವಿರ ನಂಬಿ ಕರಾರಿಗೆ ಸಹಿ ಹಾಕಿದ್ದರೆ ಮುಂದೆ ಬಿಡಬೇಕಾಗುತ್ತಿತ್ತು. ಟೈರು, ಟ್ಯಾಂಕು ಸರಿಪಡಿಸಿದ ಖರ್ಚನ್ನು ನಮ್ಮ ಹುಡುಗ ತಾನೇ ವಹಿಸಿಕೊಂಡ, ಹಣವೆಂದೇ. ಓಹಾಯೋ ರಾಜ್ಯದವರೊಬ್ಬರು 34 ಸಾವಿರಕ್ಕೆ ಒಪ್ಪಿದರು. ಅವರು ಬಂದು ಒಯ್ಯುವ ಎರಡು ದಿನ ಮೊದಲು, ಅವರ ಒಪ್ಪಿಗೆ ಪಡೆದು, ಹಿರಿಯರು ಚಾವಣಿ ಮಡಚಿ ಹತ್ತಿರದ ಸರೋವರದ ದಂಡೆಯವರೆಗೆ ಹೋಗಿಬಂದರು. ನಮ್ಮ ಹುಡುಗ ನಡೆಸಿದ. ಅವರು ಹೆಂಡತಿಯ ತಲೆವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತರು. ಹಿಂದಿನ ಆಸನದಲ್ಲಿ ಮಫ್ಲರ್ ಸುತ್ತಿಕೊಂಡು ನಾನಿದ್ದೆ. ಓಡಿದ್ದು 41 ಮೈಲಿ. ಕೊಂಡವರು ಅದಕ್ಕಾಗಿ ಒಂದು ಡಾಲರನ್ನೂ ಇಳಿಸಲಿಲ್ಲ.

ಊರಿಗೆ ಮರಳಿದ ಮೇಲೆ ನನ್ನ ಕಪಾಟು ತೆರೆದೆ. ನಾನೂ ಸಾಚಾ ಅಲ್ಲ. ಮಕ್ಕಳಿಗೆ ಮುಂದೆ ಆಸ್ತಿಯಾದೀತೆಂದು ಎಷ್ಟೋ ವರ್ಷ ಅಂಚೆ ಕಚೇರಿಯಲ್ಲಿ ಸಾಲುಗಟ್ಟಿ ಸ್ಮಾರಕ ಅಂಚೆಚೀಟಿಗಳನ್ನು ಕೊಂಡು ಆಲ್ಬಮ್ಮಿನಲ್ಲಿ ಇಟ್ಟವನು. 1948ರಲ್ಲಿ ಗವರ್ನರ್ ಜನರಲ್ ಅವರ ಬಳಕೆಗೆಂದು ಗಾಂಧೀಜಿಯವರ ಹತ್ತು ರೂಪಾಯಿ ಚೀಟಿಯ ನೂರೇ ನೂರು ಪ್ರತಿಗಳ ಮೇಲೆ ‘ಸರ್ವಿಸ್’ ಎಂದು ಮುದ್ರಿಸಿದ್ದರು. ಅವಕ್ಕೆ ಇಂದು ಅಪಾರ ಬೆಲೆ. ನಾನು ಕೂಡಿಟ್ಟವು ಲಕ್ಷಗಟ್ಟಲೆ ಮುದ್ರಣವಾದವು. ನನ್ನಂತೆಯೇ ಎಷ್ಟೋ ಮೇಷ್ಟ್ರುಗಳು ಕೂಡಿಟ್ಟವು. ಮೊಮ್ಮಗಳು ಮುಟ್ಟಲು ಬಂದಾಗಲೆಲ್ಲ "ಕೈ ತೊಳೆದುಕೊಂಡು ಬಾ, ಮೂಲೆ ಮಡಚೀತು" ಎಂದು ಗದರುತ್ತಿದ್ದೆ. ಮೊನ್ನೆ ಆಲ್ಬಮ್ಮನ್ನು ಅವಳ ಕೈಗೇ ಕೊಟ್ಟೆ. ಅವಳು ಹಕ್ಕಿಗಳಿರುವ ಚೀಟಿಗಳನ್ನೆಲ್ಲ ಬಿಡಿಸಿ ಒಂದು ಕಡೆ ಅಂಟಿಸಿದ್ದಾಳೆ. ಒಂದೆರಡರ ಮೂಲೆ ಮಡಚಿದೆ.

ಎಲ್ಲರಿಗೂ ಶುಭವಾಗಲಿ.

ಇಂತಿ ನಿಮ್ಮ ಮೇಷ್ಟ್ರು